ಓದಿನಲ್ಲಿ ಹಿಂದುಳಿದ ತರುಣನೊಡನೆ ಸಂಭಾಷಣೆ: ಡಾರ್ವಿನ್ನನ ಶಾಲಾದಿನಗಳ ನಿದರ್ಶನ

ಬುದ್ಧಿಯಿದ್ದೂ ಓದಿನಲ್ಲಿ ಹಿಂದೆ ಬೀಳುವ ಹದಿನಾರು ಹದಿನೇಳು ವಯಸ್ಸಿನ ವಿದ್ಯಾರ್ಥಿಗಳು ಪ್ರತಿವರ್ಷವೂ ನಮ್ಮ ತರಗತಿಗಳಿಗೆ ಬರುತ್ತಾರೆ. ಅಂಥವರಿಗೆ ಏನು ಹೇಳಬೇಕೆಂಬುದನ್ನು ನಾವು ಬೇಗ ನಿಶ್ಚಯಿಸಿಬಿಡುತ್ತೇವೆ. ಅವರಿಂದ ಏನನ್ನು ಕೇಳಿ ತಿಳಿಯಬೇಕೆಂಬುದನ್ನು ಅಷ್ಟಾಗಿ ಯೋಚಿಸುವುದಿಲ್ಲ. ಇದು ಮನಶ್ಶಾಸ್ತ್ರಜ್ಞರಿಗೆ ಸೇರಿದ ವಿಷಯವೆಂಬುದು ನಿಜ. ಆದರೂ ತಂದೆಯೊಬ್ಬನು ಮಗನೊಡನೆ ಆಡಿದ ಮಾತಿಗೆ ಪತ್ರಗಳ ಮತ್ತು ಆತ್ಮಕಥೆಯ ಆಧಾರ ದೊರೆಯುವಾಗ ಚರಿತ್ರೆಯ ವಿದ್ಯಾರ್ಥಿಗೂ ಅಲ್ಲಿ ಕೆಲಸವುಂಟು. ಚಾರ್ಲ್ಸ್ ಡಾರ್ವಿನ್ನನ ಬಾಲ್ಯವು ಅಂಥದೊಂದು ನಿದರ್ಶನ.

ಡಾರ್ವಿನ್ 1809ರಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಜನಿಸಿದನು. ತಂದೆ ರಾಬರ್ಟ್ ಹೆಸರಾಂತ ವೈದ್ಯ. ತಾಯಿ 1817ರಲ್ಲಿಯೇ ತೀರಿಕೊಂಡಳು. 1818ರಿಂದ 1825ರವರೆಗೆ ಬಾಲಕನು ಓದಿದ ಶಾಲೆಯಲ್ಲಿ ಪಾಠವೆಂದರೆ ಬಹುಮಟ್ಟಿಗೆ ಲ್ಯಾಟಿನ್ ಮತ್ತು ಗ್ರೀಕ್. ಜೊತೆಗೆ ತುಸು ಪ್ರಾಚೀನ ಭೂಗೋಳ, ಚರಿತ್ರೆ. (ನಮ್ಮ ವಿಷಯಕ್ಕೆ ಅಲ್ಲಿಯೂ ಮೂಲೆಯೇ ಗತಿ.) ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ವರ್ಜಿಲನ ಅಥವಾ ಹೋಮರನ 40-50 ಸಾಲುಗಳನ್ನು ಬಾಯಿಪಾಠ ಮಾಡಿ 48 ಗಂಟೆಗಳಲ್ಲಿ ಮರೆತುಬಿಡುತ್ತಿದ್ದುದನ್ನು ಅವನೇ ಬರೆದಿದ್ದಾನೆ. ಅದೇ ಹುಡುಗ ಮನೆಯ ತೋಟದ ಕೊಟ್ಟಿಗೆಯಲ್ಲಿ ಅಣ್ಣನೊಡನೆ ರಾತ್ರಿ ಬಹುಹೊತ್ತು ರಸಾಯನ ಪ್ರಯೋಗಗಳಲ್ಲಿ ಮುಳುಗಿರುತ್ತಿದ್ದನು. ಸಹಪಾಠಿಗಳು ಅವನಿಗೆ ‘ಗ್ಯಾಸ್’ ಎಂದು ಹೆಸರಿಟ್ಟರು. ಮುಖ್ಯೋಪಾಧ್ಯಾಯ ಸ್ಯಾಮ್ಯುಯೆಲ್ ಬಟ್ಲರನು, ಇಂಥ ನಿಷ್ಪ್ರಯೋಜಕ ವಿಷಯಗಳಲ್ಲಿ ಕಾಲ ಕಳೆಯುವನೆಂದು ಎಲ್ಲರೆದುರಿನಲ್ಲಿ ಗದರಿಸಿ, ಇಟಾಲಿಯನ್ ಭಾಷೆಯ ಒಂದು ಮಾತಿನಿಂದ ಹಳಿದನು. ಅದರ ಅರ್ಥ ತಿಳಿಯದಿದ್ದುದರಿಂದಲೇ ಹುಡುಗನಿಗೆ ಅದು ಭಯಂಕರ ನಿಂದೆಯಾಗಿ ತೋರಿತಂತೆ.

ತಂದೆಯೂ ಒಮ್ಮೆ ಸಿಟ್ಟಿನಲ್ಲಿ, ಬೇಟೆ, ನಾಯಿ, ಇಲಿ ಹಿಡಿಯುವುದು ಇವುಗಳ ಹೊರತು ಮಗನಿಗೆ ಬೇರೇನೂ ಬೇಡವೆಂದೂ, ತನಗೂ ಮನೆತನಕ್ಕೂ ಅವನು ಕಳಂಕ ತರುವನೆಂದೂ ನುಡಿದನು. 1876ರಲ್ಲಿ, 67ನೆಯ ವಯಸ್ಸಿನಲ್ಲಿ, ಆತ್ಮಕಥೆ ಬರೆಯುವಾಗಲೂ ಡಾರ್ವಿನ್ ಅದನ್ನು ಮರೆತಿರಲಿಲ್ಲ. ತಂದೆಯಷ್ಟು ದಯಾಳುವನ್ನು ತಾನು ಕಂಡಿಲ್ಲವೆಂದು ಹೇಳಿಯೂ ಆ ಮಾತು ತುಸು ಅನ್ಯಾಯದ್ದೆಂದು ಸೂಚಿಸಿದ್ದಾನೆ. ಈ ಎರಡು ಗದರಿಕೆಗಳಲ್ಲಿಯೂ ಒಂದಾದರೂ ಪ್ರಶ್ನೆಯಿಲ್ಲ. ತೀರ್ಪಿಗೆ ಉತ್ತರ ಕೊಡಲು ಯಾರಿಗೆ ಸಾಧ್ಯ? ತಂದೆತಾಯಿಗಳನ್ನು ಕಾಲೇಜಿಗೆ ಕರೆಸಿ, ವಿದ್ಯಾರ್ಥಿಯನ್ನು ಪಕ್ಕದಲ್ಲಿ ನಿಲ್ಲಿಸಿ, ಅಂಕಪಟ್ಟಿ ಓದುವ ನಮ್ಮ ವಾಡಿಕೆಯೂ ಇದೇ ಜಾತಿಯದು.

ಅದೇ ತಂದೆ 1825ರ ಬೇಸಗೆಯಲ್ಲಿ ಬೇರೊಂದು ರೀತಿಯನ್ನು ಹಿಡಿದನು. ಶಾಲೆ ಬಿಡಿಸಿದ ಮೇಲೆ ಮಗನು ಊರಿನ ಬಡ ರೋಗಿಗಳನ್ನು, ಮುಖ್ಯವಾಗಿ ಹೆಂಗಸರು ಮಕ್ಕಳನ್ನು, ನೋಡತೊಡಗಿದನು. ರೋಗಲಕ್ಷಣಗಳನ್ನು ವಿವರವಾಗಿ ಬರೆದು ತಂದು ತಂದೆಗೆ ಓದಿಹೇಳುವನು. ತಂದೆ ಕೇಳಿ, ಇನ್ನೇನನ್ನು ವಿಚಾರಿಸಬೇಕೆಂಬುದನ್ನು ಸೂಚಿಸಿ, ಔಷಧವನ್ನು ತಿಳಿಸುವನು. ಮಗನೇ ಅದನ್ನು ತಯಾರಿಸುವನು. ಒಮ್ಮೆ ಹನ್ನೆರಡು ಮಂದಿಗೆ ಕಡಿಮೆಯಿಲ್ಲದಷ್ಟು ರೋಗಿಗಳಿದ್ದರು. ಕೆಲಸದಲ್ಲಿ ಹುಡುಗನಿಗೆ ತೀವ್ರವಾದ ಆಸಕ್ತಿ ಹುಟ್ಟಿತು. ಇಲ್ಲಿ ಹೊಗಳಿಕೆಯಿಂದ ಮಾತು ಆರಂಭವಾಗಲಿಲ್ಲವೆಂಬುದನ್ನು ಗಮನಿಸಬೇಕು. ಕೆಲಸವೊಂದಿತ್ತು, ಅದರ ವರದಿಯನ್ನು ಕೇಳುವ ಕಿವಿಯಿತ್ತು, ಮುಂದಿನ ಪ್ರಶ್ನೆಯಿತ್ತು. ಮಗನು ಯಶಸ್ವೀ ವೈದ್ಯನಾಗುವನೆಂದು ರಾಬರ್ಟ್ ಆಡಿದ ಮೆಚ್ಚುಗೆಗೂ ಆಧಾರವುಂಟು: ರೋಗಿಯಲ್ಲಿ ನಂಬಿಕೆ ಹುಟ್ಟಿಸುವುದೇ ಯಶಸ್ಸಿನ ಮೂಲವೆಂಬುದು ಅವನ ಮತ, ಆ ಶಕ್ತಿಯನ್ನು ಮಗನಲ್ಲಿ ಕಂಡನು.

ಅಷ್ಟಾದರೂ ಮಗ ವೈದ್ಯನಾಗಲಿಲ್ಲ. ಎಡಿನ್‌ಬರೋದಲ್ಲಿ ಉಪನ್ಯಾಸಗಳು ಬೇಸರ ತಂದವು. ಶಸ್ತ್ರಚಿಕಿತ್ಸೆ ಕಂಡು ಓಡಿಹೋದನು. ತಂದೆಯ ಅಸಮಾಧಾನ 1826ರ ಮಾರ್ಚ್‌ನಲ್ಲಿ ಅಕ್ಕ ಸೂಸನ್ನಳ ಪತ್ರದ ಮೂಲಕ ಬಂದಿತು. ನಮ್ಮ ಮನೆಗಳಲ್ಲಿಯೂ ತಂದೆಯ ಮಾತು ತಾಯಿಯ ಅಥವಾ ಅಕ್ಕನ ಬಾಯಲ್ಲಿ ಬರುವುದಿಲ್ಲವೆ? ಹೀಗೆ ಬಂದ ಮಾತಿನಲ್ಲಿ ಕೋಪ ಉಳಿಯುತ್ತದೆ, ವಿಚಾರಣೆ ಕಳೆದುಹೋಗುತ್ತದೆ. ವೈದ್ಯವೃತ್ತಿ ಮಗನಿಗೆ ಒಗ್ಗದೆಂಬುದು ತಂದೆಗೆ ತಿಳಿದು, ಪಾದ್ರಿಯಾಗೆಂದು ಸೂಚಿಸುವ ಹೊತ್ತಿಗೆ ಎರಡು ವರ್ಷಗಳು ಕಳೆದಿದ್ದವು.

ಕೊಟ್ಟಿಗೆಯಲ್ಲಿ ಪ್ರಯೋಗ ನಡೆಸುವ ಹುಡುಗರೆಲ್ಲರೂ ಡಾರ್ವಿನ್ನರಾಗುವುದಿಲ್ಲ. ಮುಂದಿನ ಕೀರ್ತಿಯ ಬೆಳಕಿನಲ್ಲಿ ಹಿಂದಿನದನ್ನು ಓದುವುದು ಚರಿತ್ರಕಾರನಿಗೆ ಸಲ್ಲದು. ಆ ಬೇಸಗೆಯ ಸಂಭಾಷಣೆ, ಅವನು ಹೆಸರಿಲ್ಲದೆ ಉಳಿದಿದ್ದರೂ, ಅಷ್ಟೇ ಸರಿಯಾದುದು.

1831ರಲ್ಲಿ ಬೀಗಲ್ ಹಡಗಿನ ಕರೆ ಬಂದಾಗ ರಾಬರ್ಟ್ ಒಪ್ಪಲಿಲ್ಲ. ಆದರೆ ವಿವೇಕಿಯೊಬ್ಬನು ಹೋಗೆಂದರೆ ಸಮ್ಮತಿಸುವೆನೆಂದು ಬಾಗಿಲನ್ನು ತುಸು ತೆರೆದಿಟ್ಟನು. ಮಗನು ತಂದೆಯ ಎಂಟು ಆಕ್ಷೇಪಗಳನ್ನು ಪಟ್ಟಿಮಾಡಿದನು. ಸೋದರಮಾವ ಜೋಸಯ ವೆಜ್‌ವುಡ್ ಆಗಸ್ಟ್ 31ರಂದು ಒಂದೊಂದಕ್ಕೂ ಸಮಾಧಾನ ಬರೆದು ಕಳುಹಿಸಿ, ಮರುದಿನ ತಾನೇ ಶ್ರೂಸ್‌ಬರಿಗೆ ಹೋದನು. ತಂದೆಯ ಆತಂಕವನ್ನು ಹಗುರ ಮಾಡದೆ ಅದಕ್ಕೆ ಉತ್ತರ ಕೊಡುವುದು ಹೇಗೆಂಬುದಕ್ಕೆ ಆ ಪತ್ರವನ್ನು ನಮ್ಮ ಅಧ್ಯಾಪಕರು ಒಮ್ಮೆ ಓದಬೇಕು. ರಾಬರ್ಟ್ ಸಮ್ಮತಿಯಿತ್ತನು; ಹಡಗು ಡಿಸೆಂಬರ್ 27ರಂದು ಹೊರಟಿತು.