ಸೊಂಟದ ಬೆಲ್ಟ್, ಸೊಂಟದ ನೋವು

ಡ್ಯೂಟಿ ಮುಗಿಸಿ ಮನೆಗೆ ಬಂದ ಮಗನೋ ಗಂಡನೋ ಬೂಟು ಬಿಚ್ಚುವ ಮೊದಲೇ ಬೆಲ್ಟ್ ಸಡಿಲಿಸಿ, ಎರಡೂ ಕೈಗಳನ್ನು ಸೊಂಟದ ಮೇಲಿಟ್ಟು ಹಿಂದಕ್ಕೆ ಬಾಗುವುದನ್ನು ನೀವು ನೋಡಿದ್ದೀರಾ? ನೋಡಿದ್ದರೆ ಈ ಲೇಖನವನ್ನು ಮನೆಮಂದಿಯೆಲ್ಲ ಓದಿ.

ತುಮಕೂರಿನಲ್ಲಿರುವ ನನ್ನ ಚಿಕಿತ್ಸಾಲಯಕ್ಕೆ ಗುಬ್ಬಿ, ಕುಣಿಗಲ್ ಕಡೆಯಿಂದಲೂ ಸೊಂಟನೋವಿನವರು ಬರುತ್ತಾರೆ. ಪೊಲೀಸರು, ಹೋಂ ಗಾರ್ಡ್‌ಗಳು, ವಸಂತನರಸಾಪುರದ ಕಾರ್ಖಾನೆಗಳ ಸೆಕ್ಯೂರಿಟಿ ಗಾರ್ಡ್‌ಗಳು ಅವರಲ್ಲಿದ್ದಾರೆ. "ಕಿಡ್ನಿ ಇರಬಹುದಾ?", "ನರದ ವೀಕ್ನೆಸ್ಸಾ?" ಎಂದು ಕೇಳುತ್ತಾರೆ. ಬೆಲ್ಟಿನ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ನಿಜ ಹೇಳಬೇಕೆಂದರೆ, ಒಂದು ಕಾಲದಲ್ಲಿ ನಾನೂ ಕೇಳುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಗುಬ್ಬಿ ಕಡೆಯ ಒಬ್ಬ ಹೆಡ್ ಕಾನ್‌ಸ್ಟೇಬಲ್ ಬಂದರು. ವಯಸ್ಸು ನಲವತ್ತರ ಆಸುಪಾಸು. ಸೊಂಟದ ಬಲಭಾಗದಲ್ಲಿ ನೋವು, ಬಲತೊಡೆಯ ಹೊರಮಗ್ಗುಲಲ್ಲಿ ಉರಿ ಮತ್ತು ಜೋಮು. ನಾನು ಅದನ್ನು 'ಇರ್ಕುನ್ನಸಾ', ಅಂದರೆ ಸಯಾಟಿಕಾ ಎಂದು ತಿಳಿದು ಎಣ್ಣೆ, ಶಾಖ, ಔಷಧಿ ಕೊಟ್ಟೆ. ರಜೆಯಲ್ಲಿದ್ದ ವಾರ ಕಡಿಮೆಯಾಯಿತು. ಡ್ಯೂಟಿಗೆ ಹೋದ ಮೂರನೇ ದಿನಕ್ಕೆ ಮರಳಿ ಬಂತು. ಎರಡನೇ ಸಲ ಜೊತೆಗೆ ಬಂದ ಅವರ ಪತ್ನಿ, "ಡಾಕ್ಟರ್ ಸಾಬ್, ಇವರ ಸೊಂಟದ ಮೂಳೆ ಮೇಲೆ ಕಪ್ಪು ಗೆರೆ ಬಿದ್ದಿದೆ. ಬೆಲ್ಟ್ ಅಲ್ಲೇ ಕೂರುತ್ತೆ, ಒಮ್ಮೆ ನೋಡಿ" ಎಂದರು. ನೋಡಿದೆ. ವೈರ್‌ಲೆಸ್ ಸೆಟ್, ಮೊಬೈಲ್ ಪೌಚ್, ಬೀಗದ ಕೈಗೊಂಚಲು ಎಲ್ಲವೂ ಬಲಗಡೆಯೇ ಇದ್ದವು. ಹೊಟ್ಟೆ ಬೆಳೆದಿದ್ದರೂ ಬೆಲ್ಟ್ ಮಾತ್ರ ಹಳೆಯ ತೂತಿನಲ್ಲೇ ಬಿಗಿದಿತ್ತು. ಅವರಿಗಿದ್ದದ್ದು ಸಯಾಟಿಕಾ ಅಲ್ಲ, ಬೆಲ್ಟಿನ ಕೆಳಗೆ ಸಿಕ್ಕಿಕೊಂಡ ಒಂದು ಸಣ್ಣ ನರದ ತೊಂದರೆ. ಬೆಲ್ಟ್ ಸಡಿಲಿಸಿ, ಸಾಮಾನುಗಳನ್ನು ಎರಡೂ ಕಡೆಗೆ ಹಂಚಿದ ಮೇಲೆ ಒಂದೂವರೆ ತಿಂಗಳಲ್ಲಿ ಉರಿ ಬಹುಮಟ್ಟಿಗೆ ಇಳಿಯಿತು.

ಅಂದು ಅವರು ಇನ್ನೊಂದು ಮಾತು ಹೇಳಿದ್ದರು. ನೋವಿನಿಂದಾಗಿ ಸುಜೂದ್‌ಗೆ ಹೋಗಲಾಗದೆ ಮಸೀದಿಗೆ ಹೋಗುವುದನ್ನೇ ಕಡಿಮೆ ಮಾಡಿದ್ದರಂತೆ. ಠಾಣೆಯಲ್ಲಿ ಹೇಳಿದರೆ "ಕೆಲಸಗಳ್ಳ" ಎಂದಾರೆಂದು ಎರಡು ವರ್ಷ ಯಾರಿಗೂ ಹೇಳಿರಲಿಲ್ಲ. ಇಂಥ ಮೌನ ಎಷ್ಟೋ ಮನೆಗಳಲ್ಲಿದೆ.

ಬೆಲ್ಟ್ ಏನು ಮಾಡುತ್ತದೆ?

ಸೊಂಟದ ಎರಡೂ ಬದಿ ಕೈಗೆ ಸಿಗುವ ಮೂಳೆಯ ಅಂಚಿನ ಮೇಲೆ ಬೆಲ್ಟಿನ ಭಾರ ಕೂರುತ್ತದೆ. ಅಲ್ಲಿ ಮಾಂಸ ಕಡಿಮೆ. ಚರ್ಮ, ಮೂಳೆ, ನಡುವೆ ಸಣ್ಣ ನರಗಳು. ಗುಂಡು ತುಂಬಿದ ಪಿಸ್ತೂಲು ಒಂದೇ ಸುಮಾರು ಒಂದು ಕಿಲೋ ತೂಗುತ್ತದೆ. ಅದರ ಜೊತೆಗೆ ವೈರ್‌ಲೆಸ್ ಸೆಟ್, ಮೊಬೈಲ್, ಪೌಚ್ ಸೇರುತ್ತವೆ. ಭಾರ ಒಂದೇ ಮಗ್ಗುಲಿಗಿದ್ದರೆ ದೇಹ ಬೀಳದಿರಲೆಂದು ಎದುರು ಮಗ್ಗುಲಿನ ಬೆನ್ನಿನ ಸ್ನಾಯುಗಳು ದಿನವಿಡೀ ಬಿಗಿದುಕೊಂಡು ಎಳೆಯುತ್ತಿರುತ್ತವೆ. ಆದ್ದರಿಂದಲೇ ಭಾರ ಬಲಗಡೆಯಿದ್ದು ನೋವು ಎಡಗಡೆ ಬರುವುದೂ ಉಂಟು.

ನಿಂತಾಗಿಗಿಂತ ಕೂತಾಗ ಇದು ಹೆಚ್ಚು. ಕುಣಿಗಲ್‌ನ ಮಂಗಳೂರು ಹೆದ್ದಾರಿಯಲ್ಲಿ ಗಸ್ತು ತಿರುಗುವವರು ಗಂಟೆಗಟ್ಟಲೆ ಜೀಪಿನಲ್ಲಿ ಕೂರುತ್ತಾರೆ. ಬೆಲ್ಟಿನ ಹಿಂಭಾಗದಲ್ಲಿ ಏನಾದರೂ ಸಿಕ್ಕಿಸಿದ್ದರೆ ಅದು ಸೀಟಿಗೂ ಬೆನ್ನಿಗೂ ನಡುವೆ ಗೂಟದಂತೆ ನಿಲ್ಲುತ್ತದೆ. ಸೊಂಟ ಮುಂದಕ್ಕೆ ಜಾರುತ್ತದೆ, ಬೆನ್ನು ಗೂನಾಗುತ್ತದೆ, ರಸ್ತೆಯ ಪ್ರತಿ ಗುಂಡಿಯ ಪೆಟ್ಟೂ ಬೆನ್ನೆಲುಬಿನ ತಳಕ್ಕೆ ಬೀಳುತ್ತದೆ. ಜಾತ್ರೆಯ ಬಂದೋಬಸ್ತಿನಲ್ಲಿ ಇಡೀ ದಿನ ನಿಂತವರದ್ದು ಇನ್ನೊಂದು ಬಗೆ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುವ ಅಭ್ಯಾಸದಿಂದ ಸೊಂಟದ ಕೀಲು ನೋಯುತ್ತದೆ.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. ಸ್ವೀಡನ್‌ನ ಪೊಲೀಸರ ಮೇಲೆ ನಡೆದ ಅಧ್ಯಯನಗಳಲ್ಲಿ, ಮೈಮೇಲಿನ ಉಪಕರಣಗಳ ಕಿರಿಕಿರಿಗೂ ವಾಹನದಲ್ಲಿ ದೀರ್ಘಕಾಲ ಕೂರುವುದಕ್ಕೂ ಮೈನೋವಿಗೂ ನಂಟು ಕಂಡುಬಂದಿದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಓ ಕ್ಲೇರ್ ನಗರದಲ್ಲಿ ಕೆಲವು ಪೊಲೀಸರಿಗೆ ಬೆಲ್ಟಿನ ಸಾಮಾನುಗಳನ್ನು ಹೆಗಲಿನಿಂದ ಹೊರುವ ವೆಸ್ಟ್‌ಗೆ ವರ್ಗಾಯಿಸಿ ನೋಡಿದಾಗ, ಸೊಂಟ ಮತ್ತು ಕೆಳಬೆನ್ನಿನ ನೋವು ಕಡಿಮೆಯಾಯಿತು.

ನೋವು ಎಲ್ಲಿದೆ, ಗಮನಿಸಿ

ಮೊದಲನೆಯದು ಸ್ನಾಯುವಿನ ನೋವು, ಯುನಾನಿಯಲ್ಲಿ 'ವಜವುಝ್ಝಹರ್'. ಬೆಲ್ಟಿನ ಮಟ್ಟದಲ್ಲಿ ಬೆನ್ನು ಹಿಡಿದುಕೊಳ್ಳುತ್ತದೆ. ಸಂಜೆಗೆ ಹೆಚ್ಚು, ಮಲಗಿದರೆ ಕಡಿಮೆ. ಬಹುಪಾಲು ಜನರಿಗೆ ಇರುವುದು ಇದೇ.

ಎರಡನೆಯದು ತೊಡೆಯ ಉರಿ. ಪ್ಯಾಂಟಿನ ಜೇಬು ಬರುವ ಜಾಗದಿಂದ ಮೊಣಕಾಲಿನ ಮೇಲಿನವರೆಗೆ, ಹೊರಮಗ್ಗುಲಲ್ಲಿ ಮಾತ್ರ ಜೋಮು, ಚುಚ್ಚುವಿಕೆ, ಬಟ್ಟೆ ತಾಗಿದರೂ ಉರಿ. ಕಾಲಿನ ಶಕ್ತಿ ಕುಂದುವುದಿಲ್ಲ. ಸೊಂಟದ ಮುಂಭಾಗದ ಮೂಳೆಯ ಬಳಿ ಹಾದುಹೋಗುವ ನರ ಒತ್ತಿಕೊಂಡರೆ ಹೀಗಾಗುತ್ತದೆ. ರಷ್ಯಾದ ನರವೈದ್ಯ ರೋತ್ 1895ರಷ್ಟು ಹಿಂದೆಯೇ ಬಿಗಿಯಾಗಿ ಬೆಲ್ಟ್ ಕಟ್ಟುವ ಕುದುರೆ ಸವಾರರಲ್ಲಿ ಇದನ್ನು ಗುರುತಿಸಿದ್ದರು. ಹೊಟ್ಟೆ ಬಂದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಗರ್ಭಿಣಿಯರಲ್ಲಿ ಸಾಧ್ಯತೆ ಹೆಚ್ಚು.

ಮೂರನೆಯದು ನಿಜವಾದ ಇರ್ಕುನ್ನಸಾ. ಪೃಷ್ಠದಿಂದ ಹೊರಟು ತೊಡೆಯ ಹಿಂಭಾಗದಲ್ಲಿ, ಮೊಣಕಾಲು ದಾಟಿ ಪಾದದವರೆಗೆ ಇಳಿಯುವ ನೋವು. ಕೆಮ್ಮಿದರೆ, ಸೀನಿದರೆ ಹೆಚ್ಚುತ್ತದೆ. ಹಿಂದಿನ ಜೇಬಿನಲ್ಲಿ ದಪ್ಪ ಪರ್ಸ್ ಇಟ್ಟು ಕೂರುವವರಿಗೂ ಇಂಥದೇ ನೋವು ಬರಬಹುದು.

ಕಿಡ್ನಿಯ ನೋವು ಸಾಮಾನ್ಯವಾಗಿ ಇವಕ್ಕಿಂತ ಮೇಲೆ, ಪಕ್ಕೆಲುಬಿನ ಕೆಳಗೆ ಬರುತ್ತದೆ. ಮಗ್ಗುಲು ಬದಲಿಸಿದರೂ ಕಡಿಮೆಯಾಗುವುದಿಲ್ಲ. ಜೊತೆಗೆ ಜ್ವರ, ಉರಿಮೂತ್ರ, ವಾಂತಿ ಇರಬಹುದು. ಬಂದೋಬಸ್ತಿನಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ನೀರು ಕುಡಿಯದೆ, ಮೂತ್ರ ತಡೆದುಕೊಳ್ಳುವ ಮಹಿಳಾ ಪೊಲೀಸರಿಗೆ ಮೂತ್ರದ ಸೋಂಕು ಬೇಗ ತಗಲುತ್ತದೆ. ಅಂಥವರು ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಲಿ.

ಮೊದಲು ಬೆಲ್ಟ್ ಸರಿಪಡಿಸಿ

ಕಾಯಿಲೆಯ ಕಾರಣವನ್ನು ಮೊದಲು ತೆಗೆಯಬೇಕು ಎಂಬುದು ಯುನಾನಿ ಚಿಕಿತ್ಸೆಯ ಮೂಲ ನಿಯಮ. ಕಾರಣ ಸೊಂಟದ ಮೇಲೇ ಇರುವಾಗ ಎಣ್ಣೆಯಿಂದ ಸಿಗುವುದು ಒಂದು ರಾತ್ರಿಯ ಉಪಶಮನ ಮಾತ್ರ.

* ಬೆಲ್ಟ್ ಕಟ್ಟಿದ ಮೇಲೆ ಎರಡು ಬೆರಳು ಸುಲಭವಾಗಿ ಒಳಹೋಗಬೇಕು. ಕೂತು ಪರೀಕ್ಷಿಸಿ, ಕೂತಾಗ ಹೊಟ್ಟೆ ಹಿಗ್ಗುತ್ತದೆ. ಹೋಗದಿದ್ದರೆ ಮುಂದಿನ ತೂತಿಗೆ ಬನ್ನಿ ಅಥವಾ ದೊಡ್ಡ ಅಳತೆಯದನ್ನು ಕೇಳಿ.
* ಬೆನ್ನೆಲುಬಿನ ನೇರಕ್ಕೆ ಏನನ್ನೂ ಸಿಕ್ಕಿಸಬೇಡಿ. ಸೊಂಟದ ಮುಂಭಾಗದ ಮೂಳೆಯ ಮೇಲೂ ಬೇಡ.
* ಪಿಸ್ತೂಲಿನ ಜಾಗ ಬದಲಿಸಲಾಗದು. ಆದರೆ ವೈರ್‌ಲೆಸ್ ಸೆಟ್, ಮೊಬೈಲ್‌ಗಳನ್ನು ಎದುರು ಮಗ್ಗುಲಿಗೆ ಹಾಕಬಹುದು. ಸ್ವಂತ ಬೀಗದ ಕೈ, ಪವರ್ ಬ್ಯಾಂಕ್, ಪರ್ಸ್‌ಗಳಿಗೆ ಬೆಲ್ಟಿನಲ್ಲೂ ಹಿಂದಿನ ಜೇಬಿನಲ್ಲೂ ಜಾಗ ಬೇಡ.
* ಠಾಣೆಯಲ್ಲಿ ಬರೆಯುವ ಕೆಲಸಕ್ಕೆ ಕೂತಾಗ, ಅನುಮತಿ ಇದ್ದರೆ ಬೆಲ್ಟ್ ತೆಗೆದಿಡಿ. ಜೀಪಿನಲ್ಲಿ ಸೊಂಟವನ್ನು ಸೀಟಿನ ಹಿಂಬದಿಗೆ ತಾಗಿಸಿ ಕೂತುಕೊಳ್ಳಿ. ಅರ್ಧ ಮುಕ್ಕಾಲು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ.
* ಸಮವಸ್ತ್ರದ ನಿಯಮ ಮೀರಿ ನೀವೇ ಬದಲಾಯಿಸಿಕೊಳ್ಳಬೇಡಿ. ವೈದ್ಯರ ಚೀಟಿಯೊಂದಿಗೆ ಮೇಲಧಿಕಾರಿಗೆ ತಿಳಿಸಿ. ಪೊಲೀಸರಿಗೆ 'ಆರೋಗ್ಯ ಭಾಗ್ಯ' ಯೋಜನೆಯಿದೆ. ಅದರಡಿ ಯಾವ ಆಸ್ಪತ್ರೆಯಲ್ಲಿ ಚಿಕಿತ್ಸೆ ದೊರೆಯುತ್ತದೆಂದು ಕಚೇರಿಯಲ್ಲಿ ವಿಚಾರಿಸಿ.

ಮನೆಯಲ್ಲಿ ಮಾಡುವ ವ್ಯಾಯಾಮ ಎರಡು. ಅಂಗಾತ ಮಲಗಿ ಮೊಣಕಾಲು ಮಡಚಿ, ಸೊಂಟವನ್ನು ನಿಧಾನವಾಗಿ ಮೇಲೆತ್ತಿ ಐದು ಎಣಿಸಿ ಇಳಿಸಿ, ಹತ್ತು ಸಲ. ಆಮೇಲೆ ಒಂದೊಂದೇ ಮೊಣಕಾಲನ್ನು ಎದೆಗೆ ಎಳೆದು ಇಪ್ಪತ್ತು ಎಣಿಸುವವರೆಗೆ ಹಿಡಿಯಿರಿ. ನೋವು ಕಾಲಿಗೆ ಇಳಿದರೆ ನಿಲ್ಲಿಸಿ. ದಿನಕ್ಕೆ ಅರ್ಧ ಗಂಟೆ ನಡಿಗೆ ಇರಲಿ. ನೋವಿದೆಯೆಂದು ವಾರಗಟ್ಟಲೆ ಮಲಗಿದರೆ ಸ್ನಾಯುಗಳು ಇನ್ನಷ್ಟು ಸೋಲುತ್ತವೆ. ಚಲನೆ ಮತ್ತು ವಿಶ್ರಾಂತಿ ಸಮತೋಲನದಲ್ಲಿರಬೇಕು ಎಂದೇ ನಮ್ಮ ಹಕೀಮರು ಇವನ್ನು ಆರೋಗ್ಯದ ಆರು ಅಗತ್ಯಗಳಲ್ಲಿ ಸೇರಿಸಿದ್ದಾರೆ.

ಚಿಕಿತ್ಸೆ

ಸ್ನಾಯುವಿನ ನೋವಿಗೆ 'ತಕ್ಮೀದ್' ಅಂದರೆ ಬಿಸಿ ಶಾಖ, ಮತ್ತು 'ದಲ್ಕ್' ಅಂದರೆ ಹದವಾದ ಮಾಲೀಶು ಹಿತ ಕೊಡುತ್ತವೆ. ರೋಗನ್ ಬಾಬೂನಾ, ರೋಗನ್ ಸುರ್ಖ್‌ನಂಥ ಎಣ್ಣೆಗಳನ್ನು ಬಳಸುತ್ತೇವೆ. ಆದರೆ ಜೋಮು ಹಿಡಿದ ತೊಡೆಗೆ ಶಾಖ ಕೊಡಬೇಡಿ. ಸ್ಪರ್ಶ ತಿಳಿಯದೆ ಸುಟ್ಟುಹೋಗಬಹುದು, ಸಕ್ಕರೆ ಕಾಯಿಲೆಯವರಂತೂ ಎಚ್ಚರವಾಗಿರಬೇಕು. ನರ ಒತ್ತಿಕೊಂಡ ಜಾಗವನ್ನು ಬಲವಾಗಿ ತಿಕ್ಕಲೂಬಾರದು.

ಹಿಜಾಮಾ ಮಾಡಿಸಿಕೊಳ್ಳುವುದಾದರೆ ತರಬೇತಿ ಪಡೆದ ವೈದ್ಯರಲ್ಲಿ, ಪ್ರತಿಯೊಬ್ಬರಿಗೂ ಹೊಸ ಬ್ಲೇಡ್, ಶುದ್ಧ ಕಪ್ ಬಳಸುವ ಕಡೆ ಮಾತ್ರ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ರಕ್ತಹೀನತೆಯವರು ಮೊದಲೇ ತಿಳಿಸಬೇಕು. ಸೂರಂಜಾನ್ ಬೆರೆತ ಔಷಧಿಗಳು ಕೀಲುನೋವಿಗೆ ಹೆಸರಾದವು, ಆದರೆ ಪ್ರಮಾಣ ಮೀರಿದರೆ ವಿಷ. ಅವನ್ನು ಅಂಗಡಿಯಿಂದ ತಂದು ತಿನ್ನಬೇಡಿ. ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆಯ ಮಾತೂ ಇದೇ. ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವ, ಬಿ.ಪಿ., ಸಕ್ಕರೆ ಇರುವ ಪೊಲೀಸರು ಖಾಲಿ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಅದನ್ನು ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೂ ಪೆಟ್ಟು ಬೀಳಬಹುದು. ಇಲ್ಲದ ಕಿಡ್ನಿ ಕಾಯಿಲೆಯನ್ನು ತಂದುಕೊಂಡಂತೆ!

ನಮಾಝ್ ಬಗ್ಗೆ ಹಲವರು ಕೇಳುತ್ತಾರೆ. ನಿಂತು ಮಾಡಲಾಗದವರು ಕೂತು, ಅದೂ ಆಗದವರು ಮಲಗಿ ಮಾಡಬಹುದೆಂಬ ಸೌಲಭ್ಯವನ್ನು ಪ್ರವಾದಿ(ಸ) ಕಲಿಸಿದ್ದಾರೆ. ನೋವು ತೀವ್ರವಿದ್ದಾಗ ಅದನ್ನು ಬಳಸಿಕೊಳ್ಳಿ, ಅನುಮಾನವಿದ್ದರೆ ಉಲಮಾಗಳನ್ನು ಕೇಳಿ. ನೋವು ಇಳಿದ ಮೇಲೆ ಮೆಲ್ಲಗೆ, ಮೊಣಕಾಲೂರಿ ಸುಜೂದ್‌ಗೆ ಹೋಗುವುದರಿಂದ ಸೊಂಟಕ್ಕೆ ಕೆಡುಕಿಲ್ಲ. ಕುರ್ಚಿ ಒಂದು ಹಂತಕ್ಕೆ ಮಾತ್ರ ಇರಲಿ.

ತಡಮಾಡಬೇಡಿ

ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ಗುದ ಮತ್ತು ಜನನಾಂಗದ ಸುತ್ತ ಸ್ಪರ್ಶ ಹೋದರೆ, ಪಾದ ಎತ್ತಲಾಗದಿದ್ದರೆ ಅದೇ ದಿನ ಜಿಲ್ಲಾ ಆಸ್ಪತ್ರೆಗೋ ಮೂಳೆ ಅಥವಾ ನರ ತಜ್ಞರಿರುವ ಆಸ್ಪತ್ರೆಗೋ ಹೋಗಿ. ಆಗ ಎಣ್ಣೆಯೂ ಬೇಡ, ಹಿಜಾಮಾವೂ ಬೇಡ. ಜ್ವರ, ತೂಕ ಇಳಿಕೆ, ರಾತ್ರಿ ಎಚ್ಚರಿಸುವ ನೋವು ಇದ್ದರೆ ಬೆನ್ನೆಲುಬಿನ ಕ್ಷಯವೂ ಇರಬಹುದು, ಪರೀಕ್ಷೆಯಾಗಲೇಬೇಕು. ಬಿದ್ದು ಪೆಟ್ಟಾದ ನಂತರದ ನೋವನ್ನೂ ತೋರಿಸಿ.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಇಂದು ರಾತ್ರಿ ಆ ಬೆಲ್ಟನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಿ. ಯಾವ ಕಡೆ ಭಾರ, ಯಾವ ತೂತು ಸವೆದಿದೆ, ಸೊಂಟದ ಮೇಲೆ ಗೆರೆ ಬಿದ್ದಿದೆಯೇ ಗಮನಿಸಿ. "ನಿಮಗೆ ಎಲ್ಲಿ ನೋಯುತ್ತದೆ?" ಎಂದು ಕೇಳಿ. ನಾನು ತಪ್ಪಿದ ಕಡೆ ಗುಬ್ಬಿಯ ಆ ಸಹೋದರಿ ತಪ್ಪಲಿಲ್ಲ. ಅವರ ಪತಿ ಈಗ ಮಸೀದಿಯ ಸಾಲಿನಲ್ಲಿ ಎಲ್ಲರಂತೆ ಸುಜೂದ್ ಮಾಡುತ್ತಾರೆ, ಅಲ್‌ಹಮ್ದುಲಿಲ್ಲಾಹ್.