ಕಲಿಸುವ ಮೊದಲು ಕಲಿಯುವುದು: ಪರನಾಡಿನಲ್ಲಿ ಎಳೆಯ ಮಕ್ಕಳ ಶಿಕ್ಷಕರಾಗುವ ಸೇವೆ

ದೈವಜ್ಞಾನದ ವ್ಯಾಸಂಗವನ್ನು ಮುಗಿಸುವ ಹಂತದಲ್ಲಿರುವ ಯುವಕ ಯುವತಿಯರಲ್ಲಿ ಕೆಲವರು ಪರದೇಶಕ್ಕೆ ಹೋಗಿ, ಕೆಲವು ತಿಂಗಳು ಅಥವಾ ಒಂದೆರಡು ವರ್ಷ, ಅಲ್ಲಿಯ ಎಳೆಯ ಮಕ್ಕಳಿಗೆ ಶಾಲೆಯಲ್ಲಿ ಪಾಠ ಹೇಳುವ ಸ್ವಯಂಸೇವೆಯನ್ನು ಅಪೇಕ್ಷಿಸುತ್ತಾರೆ. ಅದೇ ಅಪೇಕ್ಷೆಯಿಂದ ಹೊರದೇಶದ ಸಭೆಗಳ ಯುವಜನರು ನಮ್ಮ ಶಾಲೆಗಳಿಗೂ ಬರುತ್ತಾರೆ. ಹೋಗುವವರಿಗೆ ಆಶೀರ್ವಾದ ಮಾಡಿ ಕಳುಹಿಸುವವರೂ, ಬರುವವರನ್ನು ಬರಮಾಡಿಕೊಂಡು ತರಗತಿಯ ಬಾಗಿಲು ತೋರಿಸುವವರೂ ಬಹುಮಟ್ಟಿಗೆ ಸಭಾಪಾಲಕರೇ. ಆದುದರಿಂದ ಈ ಸೇವೆಯ ಸ್ವರೂಪವೇನು, ಅದು ಯಾರ ಹಿತಕ್ಕಾಗಿ ನಡೆಯತಕ್ಕದ್ದು, ಅದಕ್ಕೆ ಯಾವ ಸಿದ್ಧತೆ ಬೇಕು ಎಂಬುದನ್ನು ವಿಚಾರಿಸುವುದು ನಮ್ಮೆಲ್ಲರ ಕರ್ತವ್ಯವಾಗಿದೆ. ಮಗುವಿನ ಭಾಷೆಗೆ ಮೊದಲು ವಿದ್ಯಾರ್ಥಿಯಾಗದವನು ಪರನಾಡಿನಲ್ಲಿ ಆ ಮಗುವಿಗೆ ಶಿಕ್ಷಕನಾಗಲಾರನು ಎಂಬುದು ಈ ಲೇಖನದ ಪ್ರತಿಪಾದನೆ. ಕನ್ನಡ ನಾಡಿನ ಸುವಾರ್ತಾಸೇವೆಯ ಇತಿಹಾಸವೂ ಸತ್ಯವೇದವೂ ಇದನ್ನೇ ಸಾರುತ್ತವೆಂದು ನಾವು ತಿಳಿಯುತ್ತೇವೆ.

ಪರನಾಡು ಎಲ್ಲಿಂದ ಆರಂಭವಾಗುತ್ತದೆ?

ಚಿತ್ತಾಪುರ ಸೀಮೆಯ ಗುಂಡಗುರ್ತಿಯಂಥ ಒಂದು ಊರನ್ನು ಮನಸ್ಸಿಗೆ ತಂದುಕೊಳ್ಳೋಣ. ಸುತ್ತಲೂ ತೊಗರಿಯ ಹೊಲಗಳು. ಒಂದು ಕಡೆಗೆ ಶಹಾಬಾದಿನ ಫರಸಿಕಲ್ಲಿನ ಗಣಿಗಳು, ವಾಡಿಯ ಸಿಮೆಂಟ್ ಕಾರ್ಖಾನೆ. ಮತ್ತೊಂದು ಕಡೆಗೆ ಸೇಡಂ, ಚಿಂಚೋಳಿ, ಅವುಗಳಾಚೆಗೆ ತೆಲಂಗಾಣದ ಗಡಿ. 1948ರ ವರೆಗೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಕಚೇರಿಯ ಭಾಷೆ ಉರ್ದುವಾಗಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ ನಡೆಯುತ್ತಿತ್ತು. ಮನೆಯಲ್ಲಿ ಕನ್ನಡವನ್ನಾಡುವ ಬಾಲಕನು ಮೇಲಿನ ವಿದ್ಯೆಯನ್ನು ಬಯಸಿದರೆ ತನ್ನ ಊರಿನಲ್ಲಿದ್ದುಕೊಂಡೇ ಪರಭಾಷೆಗೆ ದಾಟಬೇಕಾಗಿತ್ತು. 1956ರಲ್ಲಿ ಭಾಷಾವಾರು ಪ್ರಾಂತ್ಯಗಳ ರಚನೆಯಾಗಿ ಈ ಸೀಮೆ ಮೈಸೂರು ರಾಜ್ಯವನ್ನು ಸೇರಿದ ಮೇಲೆ ಶಾಲೆಯ ಭಾಷೆ ಕನ್ನಡವಾಯಿತು.

ಆದರೂ ಎಲ್ಲ ಮಕ್ಕಳ ಪಾಲಿಗೂ ಆ ದಾಟುವಿಕೆ ಮುಗಿದಿಲ್ಲ. ಈ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳು ಅನೇಕವಿವೆ. ತಾಂಡಾದ ಆರು ವರ್ಷದ ಮಗು ತಾಯಿಯನ್ನು ಯಾಡಿ ಎಂದೂ ತಂದೆಯನ್ನು ಬಾಪು ಎಂದೂ ಕರೆಯುತ್ತದೆ. ಊರಿನ ಮಗು ಅವ್ವ ಎನ್ನುತ್ತದೆ. ಶಾಲೆಯನ್ನು ಸಾಲಿ ಎನ್ನುತ್ತದೆ. ಪಠ್ಯಪುಸ್ತಕವಾದರೋ ಈ ಇಬ್ಬರ ಮಾತನ್ನೂ ಬಿಟ್ಟು ಬೇರೊಂದು ಕನ್ನಡದಲ್ಲಿ ಅವರೊಡನೆ ಮಾತನಾಡುತ್ತದೆ. ಮನೆಯಲ್ಲಿ ಉರ್ದುವನ್ನೋ ತೆಲುಗನ್ನೋ ಆಡುವ ಮಕ್ಕಳೂ ಅದೇ ತರಗತಿಯಲ್ಲಿ ಕುಳಿತಿರಬಹುದು. ತಂದೆತಾಯಿಗಳು ಮುಂಬಯಿಗೋ ಹೈದರಾಬಾದಿಗೋ ಗುಳೆ ಹೋದರೆ, ಮಗು ನಡುವರ್ಷದಲ್ಲೇ ಇನ್ನೊಂದು ಭಾಷೆಯ ನಗರವನ್ನು ಸೇರುತ್ತದೆ.

ಹೀಗಿರುವಾಗ ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ಈ ತರಗತಿಗೆ ಬರುವ ಕನ್ನಡಿಗ ಶಿಕ್ಷಕನೂ ಒಬ್ಬ ಪರದೇಶಿಯೇ. ಪಾಸ್‌ಪೋರ್ಟಿನ ಮೇಲೆ ಬೀಳುವ ಮುದ್ರೆಗಿಂತ ಮೊದಲೇ ಪರನಾಡು ಆರಂಭವಾಗಿರುತ್ತದೆ. ತಾಂಡಾದ ಮಗುವಿನ ಮಾತಿಗೆ ಕಿವಿಗೊಡುವ ಅಭ್ಯಾಸವಿಲ್ಲದವನು ವಿಮಾನವೇರಿದ ಮಾತ್ರಕ್ಕೆ ಆ ಅಭ್ಯಾಸವನ್ನು ಪಡೆಯುವುದಿಲ್ಲ.

ಇತಿಹಾಸದ ಸಾಕ್ಷ್ಯ

ಕನ್ನಡ ನಾಡಿಗೆ ಪರದೇಶದಿಂದ ಶಿಕ್ಷಕರಾಗಿ ಬಂದವರ ಕಥೆ ನಮಗೆ ಪರಿಚಿತವಾದುದೇ. 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ ಅವರ ಬದುಕು ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದುದು. ಅವರು ಶಾಲೆಯ ಕೆಲಸದಲ್ಲಿ ತೊಡಗಿದರು, ಕನ್ನಡವನ್ನು ಕಲಿತರು. 1841ರಲ್ಲಿ ಮಂಗಳೂರಿನಲ್ಲಿ ಮಿಷನ್ನಿನ ಅಚ್ಚುಕೂಟ ಆರಂಭವಾಯಿತು. 1843ರಲ್ಲಿ ಮೋಗ್ಲಿಂಗ್ ಅವರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಅಲ್ಲಿಗೆ ನಿಲ್ಲದೆ, ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮೊದಲಾದವುಗಳನ್ನು ಅಚ್ಚಿಗೆ ತಂದರು. ಸುವಾರ್ತೆಯನ್ನು ಸಾರಲು ಬಂದವರು ವೀರಶೈವರ ಪುರಾಣವನ್ನೂ ಹರಿದಾಸರ ಹಾಡುಗಳನ್ನೂ ಅಚ್ಚು ಮಾಡಿಸಿದ್ದೇಕೆ? ಯಾವ ಜನರಿಗೆ ಕಲಿಸಬೇಕೋ ಆ ಜನರ ಮನಸ್ಸು ಯಾವ ಮಾತುಗಳಿಂದ ರೂಪುಗೊಂಡಿದೆಯೆಂಬುದನ್ನು ತಿಳಿಯದೆ ಬೋಧನೆ ಸಾಧ್ಯವಿಲ್ಲವೆಂಬ ಅರಿವು ಇದರ ಹಿಂದಿತ್ತೆಂದು ನಾವು ಗ್ರಹಿಸುತ್ತೇವೆ.

1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವೆ ನಾಲ್ವತ್ತೊಂದು ವರ್ಷಗಳು! 1862ರಲ್ಲಿ ಅವರು ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ಯೆಂಬ ಹೆಸರಿನಲ್ಲಿ ಕನ್ನಡದ ಛಂದಸ್ಸಿನಲ್ಲಿ ರಚಿಸಿದರು. ಹಾಡಾಗಿ ಕೇಳಿದ್ದು ಬೇಗ ಮನಸ್ಸಿನಲ್ಲಿ ನಿಲ್ಲುತ್ತದೆಯೆಂಬುದು ಎಳೆಯರಿಗೆ ಕಲಿಸುವವರೆಲ್ಲರೂ ಬಲ್ಲ ಸಂಗತಿ. ಇಂದಿನ ಸ್ವಯಂಸೇವಕನಿಂದ ನಾಲ್ವತ್ತು ವರ್ಷಗಳನ್ನು ಯಾರೂ ಕೇಳುವುದಿಲ್ಲ. ಆದರೆ ಭಾಷೆಯ ಮುಂದೆ ಕಿಟ್ಟೆಲ್ ಅವರು ತಳೆದ ವಿನಯವನ್ನು ಆರು ತಿಂಗಳಿಗಾಗಿ ಹೋಗುವವನಿಂದಲೂ ಕೇಳುವುದು ನ್ಯಾಯವೇ.

ಇದೇ ಇತಿಹಾಸದಲ್ಲಿ ಎದುರು ದಿಕ್ಕಿನ ಪಯಣವೊಂದೂ ಉಂಟು. ಮಂಗಳೂರಿನ ಮಿಷನ್ ಶಾಲೆಯಲ್ಲಿ ಓದಿದ ಆನಂದರಾವ್ ಕೌಂಡಿನ್ಯ ಅವರು 1844ರಲ್ಲಿ ದೀಕ್ಷಾಸ್ನಾನ ಹೊಂದಿದರು. 1846ರಲ್ಲಿ ಮೋಗ್ಲಿಂಗ್ ಅವರೊಡನೆ ಬಾಸೆಲ್ಲಿಗೆ ಹೋಗಿ ಅಲ್ಲಿಯ ಸೆಮಿನರಿಯಲ್ಲಿ ಅಧ್ಯಯನ ಮಾಡಿ, 1851ರಲ್ಲಿ ಅಭಿಷೇಕ ಹೊಂದಿದ ಮಿಷನರಿಯಾಗಿ ಹಿಂದಿರುಗಿದರು. ಪರದೇಶದಲ್ಲಿ ಅವರು ಮೊದಲು ವಿದ್ಯಾರ್ಥಿಯ ಬೆಂಚಿನ ಮೇಲೆ ಕುಳಿತರೆಂಬುದು ಗಮನಾರ್ಹ. ಅವರ ದೀಕ್ಷಾಸ್ನಾನದಿಂದ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೇ ಎದ್ದಿತೆಂಬುದನ್ನೂ ಮರೆಯಬಾರದು. ಕೌಂಡಿನ್ಯರು ತಮ್ಮ ನಿರ್ಣಯವನ್ನು ತಾವೇ ಮಾಡಬಲ್ಲ ಯುವಕರಾಗಿದ್ದರು. ಹಾಗಿದ್ದರೂ ಊರಿನ ತಂದೆತಾಯಿಗಳಲ್ಲಿ ಭಯ ಹುಟ್ಟಿತು. ಆರು ವರ್ಷದ ಕೂಸಿನ ವಿಷಯದಲ್ಲಿ ಆ ವಿಶ್ವಾಸ ಇನ್ನೆಷ್ಟು ಸೂಕ್ಷ್ಮವಾದುದೆಂದು ಬೇರೆ ಹೇಳಬೇಕಾಗಿಲ್ಲ.

ಭಾರತದ ಸಭೆಗಳು ತಾವೇ ಪರನಾಡಿಗೆ ಸೇವಕರನ್ನು ಕಳುಹಿಸಿದ ನಿದರ್ಶನವೂ ನಮಗೆ ಹತ್ತಿರದಲ್ಲೇ ಇದೆ. 1903ರಲ್ಲಿ ತಿರುನೆಲ್ವೇಲಿಯ ತಮಿಳು ಕ್ರೈಸ್ತರು ಇಂಡಿಯನ್ ಮಿಷನರಿ ಸೊಸೈಟಿಯನ್ನು ಸ್ಥಾಪಿಸಿ, ನಿಜಾಮರ ಸಂಸ್ಥಾನದ ತೆಲುಗು ಸೀಮೆಯಾದ ದೋರ್ನಕಲ್ಲನ್ನು ತಮ್ಮ ಸೇವಾಕ್ಷೇತ್ರವಾಗಿ ಆರಿಸಿಕೊಂಡರು. ಅಂದು ಗುಂಡಗುರ್ತಿಯೂ ದೋರ್ನಕಲ್ಲೂ ಒಬ್ಬನೇ ಅರಸನ ಆಳ್ವಿಕೆಗೆ ಒಳಪಟ್ಟಿದ್ದವು. ಸೊಸೈಟಿಯ ಸ್ಥಾಪಕರಲ್ಲಿ ಒಬ್ಬರಾದ ವಿ. ಎಸ್. ಅಜರಯ್ಯ ಅವರು 1909ರಲ್ಲಿ ತಾವೇ ಅಲ್ಲಿಗೆ ತೆರಳಿದರು. ತಮಿಳರಾದ ಅವರು ತೆಲುಗನ್ನು ತಮ್ಮದಾಗಿಸಿಕೊಳ್ಳಬೇಕಾಯಿತು. 1912ರಲ್ಲಿ ಅವರು ದೋರ್ನಕಲ್ಲಿನ ಬಿಷಪ್ಪರಾದರು. ಅದಕ್ಕೆ ಎರಡು ವರ್ಷ ಮೊದಲು, 1910ರ ಎಡಿನ್‌ಬರೋ ಸಮ್ಮೇಳನದಲ್ಲಿ, ಪಾಶ್ಚಾತ್ಯ ಮಿಷನರಿಗಳ ತ್ಯಾಗವನ್ನು ಸ್ಮರಿಸಿದ ಅವರೇ, ಭಾರತದ ಕ್ರೈಸ್ತರಿಗೆ ಇನ್ನೂ ದೊರೆಯದೆ ಉಳಿದಿರುವುದು ಸ್ನೇಹವೆಂದು ನಿಷ್ಠುರವಾಗಿ ಹೇಳಿದ್ದರು. ಈ ಮಾತು ಇಂದು ನಮ್ಮತ್ತಲೂ ತಿರುಗುತ್ತದೆ. ಮೇಲಿನಿಂದ ಕೊಡುವುದು ಸುಲಭ. ಪಕ್ಕದಲ್ಲಿ ಕುಳಿತುಕೊಳ್ಳುವುದು ಕಷ್ಟ.

ಸತ್ಯವೇದದ ಬೆಳಕಿನಲ್ಲಿ

ಈ ಸೇವೆಯ ದೈವಶಾಸ್ತ್ರೀಯ ತಳಹದಿ ಮನುಷ್ಯಾವತಾರವೇ. ವಾಕ್ಯವು ಮಾಂಸವಾಯಿತೆಂದು ಅರಿಕೆಮಾಡುವಾಗ, ದೇವಕುಮಾರನು ಒಂದು ಊರಿನಲ್ಲಿ, ಒಬ್ಬ ತಾಯಿಯ ಬಾಯಿಂದ, ಒಂದು ಸೀಮೆಯ ಉಚ್ಚಾರಣೆಯೊಡನೆ ಮಾತನ್ನು ಕಲಿತನೆಂದೂ ನಾವು ಅರಿಕೆಮಾಡುತ್ತೇವೆ. ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಆಲಿಸುತ್ತಾನೆ, ಪ್ರಶ್ನಿಸುತ್ತಾನೆ. ಜಗತ್ತಿನ ಗುರುವು ಮೊದಲು ಕೇಳುವವನಾದನು. ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮನು ಜನರೆಲ್ಲರನ್ನೂ ಒಂದೇ ಭಾಷೆಗೆ ಎಳೆದು ತರಲಿಲ್ಲ. ಪ್ರತಿಯೊಬ್ಬನೂ ತನ್ನ ಹುಟ್ಟುಭಾಷೆಯಲ್ಲೇ ಕೇಳುವಂತೆ ಮಾಡಿದನು. ಹಾಗಾದರೆ ಮಗುವಿನ ಮನೆಮಾತನ್ನು ತರಗತಿಯ ಹೊರಗೆ ನಿಲ್ಲಿಸುವ ಬೋಧನೆಯನ್ನು ಆತ್ಮನ ಕಾರ್ಯವೆಂದು ಹೇಗೆ ಕರೆಯೋಣ?

ಮಾರ್ಕನ ಹತ್ತನೆಯ ಅಧ್ಯಾಯದಲ್ಲಿ ಯೇಸು ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸುತ್ತಾನೆ. ಅವರ ಮುಂದೆ ಯಾವ ಷರತ್ತನ್ನೂ ಇಡುವುದಿಲ್ಲ, ಅವರಿಂದ ಯಾವ ಅರಿಕೆಯನ್ನೂ ಕೇಳುವುದಿಲ್ಲ. ಮತ್ತಾಯನ ಹದಿನೆಂಟನೆಯ ಅಧ್ಯಾಯದ ಬೀಸುವ ಕಲ್ಲಿನ ಎಚ್ಚರಿಕೆ ಚಿಕ್ಕವರಿಗೆ ವಿಘ್ನವಾಗುವವರ ಕುರಿತಾದುದು. ಬಹುಮಂದಿ ಬೋಧಕರಾಗಬೇಡಿರೆಂಬ ಅರ್ಥದ ಯಾಕೋಬನ ಬುದ್ಧಿವಾದವು, ಬೋಧಕರಿಗೆ ಆಗುವ ತೀರ್ಪು ಕಠಿಣವಾದುದೆಂಬ ಕಾರಣವನ್ನು ಕೊಡುತ್ತದೆ. ಸ್ವಯಂಸೇವೆಯೆಂಬ ಕಾರಣಕ್ಕೆ ಈ ತೀರ್ಪಿನಿಂದ ವಿನಾಯಿತಿಯಿಲ್ಲ. ಸಂಬಳವಿಲ್ಲದೆ ಕಲಿಸಿದ ಕೆಟ್ಟ ಪಾಠವೂ ಕೆಟ್ಟ ಪಾಠವೇ.

ಎಳೆಯರಿಗೆ ಕಲಿಸುವುದು ಒಂದು ವಿದ್ಯೆ

ಚಿಕ್ಕ ಮಕ್ಕಳಿಗೆ ಯಾರು ಬೇಕಾದರೂ ಕಲಿಸಬಹುದೆಂಬ ಭಾವನೆ ನಮ್ಮ ಸಭೆಗಳಲ್ಲಿ ಬೇರೂರಿದೆ. ನಮ್ಮ ದೇಶದ ಕಾನೂನು ಇದನ್ನು ಒಪ್ಪುವುದಿಲ್ಲ. 2023ರ ಆಗಸ್ಟ್ ತಿಂಗಳಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ತರಗತಿಗಳ ಶಿಕ್ಷಕ ಹುದ್ದೆಗೆ ಬಿ.ಎಡ್. ಪದವಿಯೂ ಸಾಲದೆಂದು, ಎಳೆಯರ ಶಿಕ್ಷಣಕ್ಕೆಂದೇ ಇರುವ ಡಿಪ್ಲೊಮಾ ತರಬೇತಿ ಬೇಕೆಂದು ತೀರ್ಪಿತ್ತಿತು. ನಮ್ಮ ರಾಜ್ಯದ ನಲಿ-ಕಲಿ ಪದ್ಧತಿಯನ್ನು ನೋಡಿದರೂ ಈ ವಿದ್ಯೆಯ ಸೂಕ್ಷ್ಮತೆ ತಿಳಿಯುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ಈ ಪದ್ಧತಿಯಲ್ಲಿ ಒಂದು, ಎರಡು, ಮೂರನೆಯ ತರಗತಿಗಳ ಮಕ್ಕಳು ಕೂಡಿ ಕುಳಿತು, ಕಾರ್ಡುಗಳ ನೆರವಿನಿಂದ ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುತ್ತಾರೆ. ಶಿಕ್ಷಕರು ಗುಂಪಿನಿಂದ ಗುಂಪಿಗೆ ಹೋಗಿ ಮಕ್ಕಳೊಡನೆ ನೆಲದ ಮೇಲೆ ಕೂರುತ್ತಾರೆ. ಹೊರಗಿನಿಂದ ಬಂದ ಅತಿಥಿಯೊಬ್ಬನು ಒಂದು ವಾರ ಇಂಗ್ಲಿಷ್ ಹಾಡುಗಳನ್ನು ಹೇಳಿಕೊಟ್ಟು ಹೋದರೆ ಮಕ್ಕಳು ನಲಿಯಬಹುದು. ಆದರೆ ಯಾವ ಮಗು ಯಾವ ಮೆಟ್ಟಿಲಿನಲ್ಲಿ ನಿಂತಿದೆಯೆಂಬುದು ಅವನಿಗೆ ತಿಳಿದಿರುವುದಿಲ್ಲ.

ಅಗಲಿಕೆಯ ಪ್ರಶ್ನೆಯೂ ಇದೆ. ಎಳೆಯ ಮಗು ತನಗೆ ಕಲಿಸುವವರನ್ನು ಬೇಗ ಹಚ್ಚಿಕೊಳ್ಳುತ್ತದೆ. ಮೂರು ತಿಂಗಳಿಗೊಬ್ಬರು ಬಂದು ಪ್ರೀತಿ ತೋರಿಸಿ ಹೊರಟುಹೋದರೆ ಆ ಪ್ರೀತಿಯೇ ಗಾಯವಾಗುತ್ತದೆ. ತಂದೆತಾಯಿಗಳಿಂದ ದೂರವಿರುವ ಮಕ್ಕಳಲ್ಲಿ ಇದು ಇನ್ನೂ ಆಳವಾದುದು. ಅನಾಥಾಲಯಗಳಲ್ಲಿ ನಡೆಯುವ ಸ್ವಯಂಸೇವಾ ಕಾರ್ಯಕ್ರಮಗಳಿಂದ ಮಕ್ಕಳಿಗಾಗುವ ಹಾನಿಯನ್ನು ತಡೆಯಬೇಕೆಂದು 2019ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯೇ ತನ್ನ ನಿರ್ಣಯದಲ್ಲಿ ರಾಷ್ಟ್ರಗಳಿಗೆ ಕರೆಯಿತ್ತಿದೆ. ಸಭೆಯು ಈ ಮಾತನ್ನು ಲೋಕದಿಂದ ಕೇಳಿಸಿಕೊಳ್ಳುವ ಮೊದಲೇ ತಾನಾಗಿ ಹೇಳಬೇಕಾಗಿತ್ತು.

ಕಳುಹಿಸುವ ಮೊದಲು ವಿಚಾರಿಸಬೇಕಾದವು

ಇಂಥ ಕರೆಯನ್ನು ಹೊತ್ತು ಒಬ್ಬ ವಿದ್ಯಾರ್ಥಿಯು ಸಭಾಪಾಲಕರ ಬಳಿಗೆ ಬಂದಾಗ ನಾಲ್ಕು ವಿಷಯಗಳನ್ನು ವಿಚಾರಿಸುವುದು ಯುಕ್ತವೆಂದು ನಾವು ಎಣಿಸುತ್ತೇವೆ.

ಮೊದಲನೆಯದು ಭಾಷೆ. ಹೋಗುವ ನಾಡಿನ ಮಕ್ಕಳ ಮಾತನ್ನು ಕಲಿಯಲು ಎಷ್ಟು ಸಮಯವನ್ನು ಮೀಸಲಿಟ್ಟಿದ್ದಾನೆ? ಅವಧಿಯು ಭಾಷೆ ಕಲಿಯುವುದಕ್ಕೂ ಸಾಲದಷ್ಟು ಕಡಿಮೆಯಾಗಿದ್ದರೆ ಅವನು ತರಗತಿಯ ಮುಂದೆ ನಿಲ್ಲಬಾರದು. ಅಲ್ಲಿಯ ಶಿಕ್ಷಕರ ಕೈಕೆಳಗೆ ಪಾಠೋಪಕರಣಗಳನ್ನು ಮಾಡುವ, ಪುಸ್ತಕಗಳನ್ನು ಜೋಡಿಸುವ ಕೆಲಸವೂ ಸೇವೆಯೇ.

ಎರಡನೆಯದು ಸ್ಥಳೀಯ ಶಿಕ್ಷಕರು. ಸಂಬಳವಿಲ್ಲದೆ ದುಡಿಯುವವನು ಬಂದುದರಿಂದ ಸಂಬಳಕ್ಕೆ ದುಡಿಯುವವಳೊಬ್ಬಳು ಕೆಲಸ ಕಳೆದುಕೊಳ್ಳುವುದಾದರೆ ಅದು ದಾನವಲ್ಲ. ಅವನು ಹಿಂದಿರುಗಿದ ಮೇಲೆ ಮಕ್ಕಳೊಡನೆ ಉಳಿಯುವವಳು ಅವಳೇ.

ಮೂರನೆಯದು ಮಕ್ಕಳ ರಕ್ಷಣೆ. ಅವನ ನಡತೆಯ ಕುರಿತು ಸಭೆಯು ಸತ್ಯವಾದ ಪತ್ರವನ್ನು ಕೊಡಬಲ್ಲುದೋ? ಅಲ್ಲಿ ಅವನ ಮೇಲ್ವಿಚಾರಕರು ಯಾರು? ದಂಡನೆಯ ವಿಷಯದಲ್ಲಿ ಆ ಶಾಲೆಯ ನಿಯಮವೇನು? ನಮ್ಮ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಪರದೇಶದಲ್ಲಿ ಕಾನೂನು ಸಡಿಲವಾಗಿದ್ದರೂ ಕ್ರೈಸ್ತ ಶಿಕ್ಷಕನ ಕೈ ಸಡಿಲವಾಗಬಾರದು.

ನಾಲ್ಕನೆಯದು ಸಾಕ್ಷಿ. ನಮ್ಮ ಸಂವಿಧಾನದ 28ನೆಯ ಅನುಚ್ಛೇದದ ಪ್ರಕಾರ, ಸರಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಯಲ್ಲಿ ಭಾಗವಹಿಸುವಂತೆ ಮಾಡಲಾಗದು. ಇದನ್ನು ಸುವಾರ್ತೆಗೆ ಹಾಕಿದ ಬೇಲಿಯೆಂದು ಕೆಲವರು ನೊಂದುಕೊಳ್ಳುತ್ತಾರೆ. ನಮ್ಮ ತಿಳಿವಳಿಕೆ ಬೇರೆ. ತಾಂಡಾದ ತಾಯಿಯೊಬ್ಬಳು ತನ್ನ ಕೂಸನ್ನು ನಮ್ಮ ಶಾಲೆಯ ಬಾಗಿಲಲ್ಲಿ ಬಿಟ್ಟು ಹೊಲಕ್ಕೆ ಹೋಗುವಾಗ ಅವಳು ನಮ್ಮಲ್ಲಿ ಇಟ್ಟಿರುವುದು ನಂಬಿಕೆಯನ್ನು. ಆ ನಂಬಿಕೆಯನ್ನು ಬಳಸಿಕೊಂಡು ಮಗುವಿನ ಬಾಯಿಂದ ಹೇಳಿಸುವ ಪ್ರಾರ್ಥನೆಯು ದೇವರಿಗೆ ಸುಗಂಧವಾಗುವುದೆಂದು ನಾವು ಭಾವಿಸುವುದಿಲ್ಲ. ಮಗುವಿನ ಹೆಸರನ್ನು ಸರಿಯಾಗಿ ಉಚ್ಚರಿಸುವುದು, ಅದರ ಮಾತನ್ನು ನಗದೆ ಕೇಳುವುದು, ಸುಳ್ಳಾಡದಿರುವುದು, ಹೊಡೆಯದಿರುವುದು, ಹೇಳಿದ ದಿನ ಬರುವುದು: ಎಳೆಯರಿಗೆ ಓದಲು ಬರುವ ಸುವಾರ್ತೆ ಇದೇ.

ಸೆಮಿನರಿಗಳ ಪಾಲಿಗೆ ಒಂದು ಸಲಹೆಯಿದೆ. ಪರದೇಶದ ಸೇವೆಗೆ ಹೆಸರು ಕೊಡುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲು ಒಂದು ಶೈಕ್ಷಣಿಕ ಅವಧಿಯನ್ನು ತನ್ನ ಮನೆಮಾತಲ್ಲದ ಭಾಷೆಯ ಮಕ್ಕಳಿರುವ ಊರಿನಲ್ಲಿ, ಅಲ್ಲಿಯ ಶಿಕ್ಷಕಿಯ ಸಹಾಯಕನಾಗಿ, ಕಳೆಯಲಿ. ಚಿತ್ತಾಪುರ, ಸೇಡಂ, ಚಿಂಚೋಳಿಗಳಲ್ಲಿ ಅಂಥ ಊರುಗಳು ಬೇಕಾದಷ್ಟಿವೆ. ಅವಧಿ ಮುಗಿದ ಮೇಲೆ ಅವನ ಯೋಗ್ಯತೆಯನ್ನು ಅಧ್ಯಾಪಕರು ಅವನು ಬರೆದ ವರದಿಯಿಂದ ಅಳೆಯದೆ, ಆ ಶಿಕ್ಷಕಿಯನ್ನೂ ಮಕ್ಕಳ ತಾಯಂದಿರನ್ನೂ ಕೇಳಿ ತಿಳಿದುಕೊಳ್ಳಲಿ. ಇವನು ಇನ್ನೊಂದು ವರ್ಷ ಇಲ್ಲೇ ಇರಲಿ ಎಂದು ಅವರು ಹೇಳಿದರೆ, ಅಂಥವನನ್ನು ಎಷ್ಟು ದೂರದ ದೇಶಕ್ಕಾದರೂ ನಿಶ್ಚಿಂತೆಯಿಂದ ಕಳುಹಿಸಬಹುದು.