ಲಿವರ್‌ವರ್ಟ್ ತೈಲ: ಪ್ರಚೋದಕವೋ, ಪ್ರತಿಬಂಧಕವೋ?

ಮಳೆಗಾಲದಲ್ಲಿ ಪಶ್ಚಿಮ ಘಟ್ಟದ ಬಂಡೆ, ಮರದ ಕಾಂಡ ಹಾಗೂ ತೊರೆಯ ದಡಗಳಿಗೆ ಅಂಟಿ ಬೆಳೆಯುವ, ಜನಸಾಮಾನ್ಯರು ಪಾಚಿಯೆಂದೇ ಕರೆಯುವ ಸಸ್ಯಗಳಲ್ಲಿ ಲಿವರ್‌ವರ್ಟ್ ಒಂದು ವರ್ಗ. ಇವುಗಳಿಗೆ ಹೂವಿಲ್ಲ, ಬೀಜವಿಲ್ಲ, ನಿಜವಾದ ಬೇರೂ ಇಲ್ಲ. ಆದರೆ ಬಹುತೇಕ ಪ್ರಭೇದಗಳ ಜೀವಕೋಶಗಳಲ್ಲಿ ತೈಲ ತುಂಬಿದ ಸೂಕ್ಷ್ಮ ಕಾಯಗಳಿರುತ್ತವೆ. ಸಸ್ಯಜನ್ಯ ಕೃಷಿ ಉತ್ಪನ್ನಗಳತ್ತ ದೃಷ್ಟಿ ಹಾಯಿಸುತ್ತಿರುವ ಸಣ್ಣ ಉದ್ಯಮಿಗಳು ಈ ತೈಲದ ಗುಣವನ್ನು ಅರಿತಿರುವುದು ಒಳಿತು.

ಜಪಾನಿನ ಟೋಕುಶಿಮಾ ಬುನ್ರಿ ವಿಶ್ವವಿದ್ಯಾಲಯದ ಯೋಶಿನೋರಿ ಅಸಕಾವ ಅವರು ದಶಕಗಳ ಕಾಲ ಇದನ್ನು ವಿಶ್ಲೇಷಿಸಿದ್ದಾರೆ. ತೈಲದಲ್ಲಿ ಪ್ರಧಾನವಾಗಿರುವುದು 15 ಇಂಗಾಲದ ಪರಮಾಣುಗಳ ಸೆಸ್ಕ್ವಿಟರ್ಪೀನ್‌ಗಳು. ಇವುಗಳಲ್ಲಿ ಹಲವು, ಇತರ ಸಸ್ಯಗಳಲ್ಲಿ ದೊರೆಯುವ ಅದೇ ಅಣುಗಳ ಕನ್ನಡಿ ಬಿಂಬದಂತಿವೆ. ಜೊತೆಗೆ ಬೈಬೆಂಜಿಲ್ ಎಂಬ ಆರೊಮ್ಯಾಟಿಕ್ ಸಂಯುಕ್ತಗಳೂ ಲಿವರ್‌ವರ್ಟ್‌ಗಳಲ್ಲಿವೆ.

ಪೊರೆಲ್ಲಾ ವರ್ನಿಕೋಸ ಎಂಬ ಪ್ರಭೇದವನ್ನು ಅಗಿದರೆ ಮೆಣಸಿನಂತೆ ಖಾರ. ಅದಕ್ಕೆ ಕಾರಣ ಪಾಲಿಗೋಡಿಯಲ್. ಅಸಕಾವ ಅವರ ಪ್ರಯೋಗಗಳಲ್ಲಿ ಇದು 100 ಪಿಪಿಎಂ ಪ್ರಮಾಣದಲ್ಲಿ ಭತ್ತದ ಮೊಳಕೆಯನ್ನೂ ಬೇರಿನ ಬೆಳವಣಿಗೆಯನ್ನೂ ತಡೆಯಿತು. 25 ಪಿಪಿಎಂಗಿಂತ ಕಡಿಮೆಯಾದಾಗ ಅದೇ ಪದಾರ್ಥ ಬೇರು ನೀಳವಾಗಿ ಬೆಳೆಯಲು ನೆರವಾಯಿತು. ಅಂದರೆ, ಬೆರಕೆಯಲ್ಲಿ ನಾಲ್ಕು ಪಟ್ಟು ತಪ್ಪಿದರೆ ಸಾಕು, ಪ್ರಚೋದಕವೆಂದು ಮಾರಿದ ಸರಕೇ ರೈತನ ಸಸಿಮಡಿಯನ್ನು ಹಾಳುಗೆಡವಬಹುದು. ಪ್ರಯೋಗಾಲಯದ ಫಲಿತಾಂಶವು ಹೊಲದಲ್ಲಿ ಹಾಗೆಯೇ ಮರುಕಳಿಸುತ್ತದೆಂಬ ಭರವಸೆಯೂ ಇಲ್ಲ.

ಕಾನೂನಿನ ಗಂಟು ಇರುವುದೂ ಇಲ್ಲಿಯೇ. ಕಳೆನಾಶಕವೆಂದು ಮಾರುವುದಾದರೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು. ಬೆಳವಣಿಗೆಗೆ ಸಹಾಯಕವಾದ ಜೈವಿಕ ಪ್ರಚೋದಕವೆಂದರೆ, 2021ರಲ್ಲಿ ತಿದ್ದುಪಡಿಯಾದ ರಸಗೊಬ್ಬರ ನಿಯಂತ್ರಣ ಆದೇಶ ಅನ್ವಯಿಸುತ್ತದೆ. ಅದರ 6ನೇ ಅನುಸೂಚಿಯಲ್ಲಿ ಸೇರದ ಪ್ರಚೋದಕವನ್ನು ಮಾರುವಂತಿಲ್ಲ. ಸೀಸೆಯಲ್ಲಿರುವ ದ್ರವ ಒಂದೇ ಆದರೂ ಚೀಟಿಯ ಮೇಲಿನ ಒಕ್ಕಣೆ ಬದಲಾದರೆ ಕಾನೂನೇ ಬದಲಾಗುತ್ತದೆ. ಸಸ್ಯವನ್ನು ಕಾಡಿನಿಂದ ವಾಣಿಜ್ಯಕ್ಕಾಗಿ ಸಂಗ್ರಹಿಸುವುದಾದರೆ ಅರಣ್ಯ ಇಲಾಖೆಯ ನಿಯಮಗಳಲ್ಲದೆ 2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ರಾಜ್ಯ ಮಂಡಳಿಗೆ ಮುಂಚಿತವಾಗಿ ತಿಳಿಸಬೇಕು.

ಇನ್ನು ಅಸಲಿನ ಲೆಕ್ಕ. ಬೆರಳುಗಾತ್ರದ ಈ ಸಸ್ಯಗಳು ಮಣ್ಣು ಮತ್ತು ಇತರ ಪಾಚಿಗಳೊಡನೆ ಹೆಣೆದುಕೊಂಡೇ ಬೆಳೆಯುತ್ತವೆ. ಅವನ್ನು ಕೈಯಿಂದ ಬಿಡಿಸುವ ಕೂಲಿಯೇ ಸರಕಿನ ಬೆಲೆಯನ್ನು ಮೀರೀತು! ಪಾಲಿಗೋಡಿಯಲ್ ಬೇಕೆಂದಾದರೆ ಜೌಗು ನೆಲದಲ್ಲಿ ಬೆಳೆಯುವ ವಾಟರ್ ಪೆಪ್ಪರ್ ಸಸ್ಯದಲ್ಲಿಯೂ ಅದು ದೊರೆಯುತ್ತದೆ. ಈ ಕಾರಣದಿಂದ ಬಂಡವಾಳ ಹೂಡುವವರು ಸಸ್ಯದ ಹೆಸರಿಗಿಂತ ಅಣುವಿನ ಹೆಸರನ್ನು ಕೇಳುವುದು ಲೇಸು. ಗ್ಯಾಸ್ ಕ್ರೊಮ್ಯಾಟೊಗ್ರಫಿ ವರದಿಯಿಲ್ಲದ ತೈಲಕ್ಕೆ ಮುಂಗಡ ನೀಡಬಾರದು.

ಕೆಲಸಗಾರರ ಸುರಕ್ಷತೆಯೂ ಮುಖ್ಯ. ಫ್ರುಲಾನಿಯ ಕುಲದ ಲಿವರ್‌ವರ್ಟ್‌ಗಳಲ್ಲಿರುವ ಫ್ರುಲಾನೊಲೈಡ್‌ನಿಂದ ಯೂರೋಪಿನ ಮರ ಕಡಿಯುವವರಲ್ಲಿ ಚರ್ಮದ ಅಲರ್ಜಿ ಕಾಣಿಸಿಕೊಂಡಿರುವುದು ದಾಖಲಾಗಿದೆ. ಆದುದರಿಂದ ಕೈಗವಸಿನ ಖರ್ಚನ್ನು ಯೋಜನಾ ವರದಿಯಲ್ಲಿ ಮೊದಲೇ ಸೇರಿಸತಕ್ಕದ್ದು.